ಹಳೆಯ ಡಾಸ್ ಶೂಟರ್ ಆಟಗಳು ಹೊಸ ವಿಂಡೋಸಿನಲ್ಲಿ: ಡಾಸ್‌ಬಾಕ್ಸ್ ಮತ್ತು ಅದರ ಬಳಗದ ವಿಮರ್ಶೆ

ವಿಂಡೋಸ್ 11 ಇರುವ ಲ್ಯಾಪ್‌ಟಾಪಿನಲ್ಲಿ ವಿಂಡೋಸಿಗೂ ಹಿಂದಿನ ಡಾಸ್ ಎಂಬ ಕಾರ್ಯವ್ಯವಸ್ಥೆಗಾಗಿ ಬರೆದ, ಗುಂಡು ಹಾರಿಸುತ್ತ ಸಾಗುವ ಶೂಟರ್ ಆಟವಾದ 1993ರ ಡೂಮ್‌ನ ಮೂಲ ಕಡತವನ್ನು ಒತ್ತಿದರೆ ಆಟ ತೆರೆದುಕೊಳ್ಳುವುದಿಲ್ಲ. ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯದು ಎಂಬ ಸೂಚನೆ ಬಂದು, ಅಲ್ಲಿಗೇ ಎಲ್ಲ ನಿಲ್ಲುತ್ತದೆ. ದಾವಣಗೆರೆಯಲ್ಲಿ ನನ್ನ ಓರಗೆಯ ಕೆಲವರು ಈ ಸೂಚನೆಯನ್ನು ಕಂಡು, ಸಿಡಿ ಹಾಳಾಗಿದೆ ಎಂದು ತಿಳಿದು ಆಟವನ್ನೇ ಕೈಬಿಟ್ಟಿದ್ದಾರೆ. ಸಿಡಿಯಲ್ಲಿ ದೋಷವಿಲ್ಲ. ಪ್ರೊಸೆಸರು 64 ಬಿಟ್ ವಿಧಾನದಲ್ಲಿ ನಡೆಯುವಾಗ, ಹಳೆಯ 8086 ಪ್ರೊಸೆಸರಿನಂತೆ ನಟಿಸುವ ಅದರ ಒಂದು ಒಳವಿಧಾನ ಲಭ್ಯವಿರುವುದಿಲ್ಲ. ಡಾಸ್ ಕಾರ್ಯಕ್ರಮಗಳನ್ನು ನಡೆಸಿಕೊಡುತ್ತಿದ್ದ ವಿಂಡೋಸಿನ ಭಾಗವು ಆ ವಿಧಾನವನ್ನೇ ನೆಚ್ಚಿಕೊಂಡಿತ್ತು. 32 ಬಿಟ್ ವಿಂಡೋಸ್ 10ರವರೆಗೂ ಅದು ಹೇಗೋ ಉಳಿದುಕೊಂಡು ಬಂದಿತ್ತು, ಆದರೆ 2021ರಲ್ಲಿ ಬಂದ ವಿಂಡೋಸ್ 11 ಕೇವಲ 64 ಬಿಟ್‌ನಲ್ಲಿ ದೊರೆಯುವುದರಿಂದ ಆ ಬಾಗಿಲು ಪೂರ್ತಿ ಮುಚ್ಚಿತು. ಕಡತದ ಮೇಲೆ ಬಲ ಗುಂಡಿ ಒತ್ತಿ, ಪ್ರಾಪರ್ಟೀಸ್ ತೆರೆದು, ವಿಂಡೋಸ್ 95ರ ಹೊಂದಾಣಿಕೆಯನ್ನು ಆರಿಸುವುದರಿಂದಲೂ ಪ್ರಯೋಜನವಿಲ್ಲ. ಆ ಸೌಲಭ್ಯವು ಹಳೆಯ ವಿಂಡೋಸ್ ಕಾರ್ಯಕ್ರಮಗಳಿಗಾಗಿ ಇರುವಂಥದು. ಡಾಸ್ ಕಾರ್ಯಕ್ರಮಕ್ಕೆ ಬೇಕಾದ ಯಂತ್ರವನ್ನು ಅದು ಒದಗಿಸಲಾರದು.

ಆ ಯಂತ್ರವನ್ನು ತಂತ್ರಾಂಶದಲ್ಲೇ ಕಟ್ಟಿಕೊಡುವುದು ಡಾಸ್‌ಬಾಕ್ಸ್. 2002ರಿಂದ ಉಚಿತವಾಗಿ ದೊರೆಯುತ್ತಿರುವ ಈ ಎಮ್ಯುಲೇಟರ್ ಪ್ರೊಸೆಸರನ್ನು, ಚಿತ್ರ ತೋರಿಸುವ ವಿಜಿಎ ಕಾರ್ಡನ್ನು, ಸದ್ದು ಹೊರಡಿಸುವ ಸೌಂಡ್ ಬ್ಲಾಸ್ಟರ್ ಕಾರ್ಡನ್ನು, ಡಾಸ್ ವ್ಯವಸ್ಥೆಯನ್ನು ಒಂದು ಕಿಟಕಿಯೊಳಗೆ ಮರುಸೃಷ್ಟಿಸುತ್ತದೆ. ಕಳೆದ ಎರಡು ತಿಂಗಳ ಸಂಜೆಗಳಲ್ಲಿ ನಾನು ಅದರ 0.74-3 ಆವೃತ್ತಿಯನ್ನೂ, ಅದರಿಂದ ಕವಲೊಡೆದ ಡಾಸ್‌ಬಾಕ್ಸ್ ಸ್ಟೇಜಿಂಗ್ ಮತ್ತು ಡಾಸ್‌ಬಾಕ್ಸ್-ಎಕ್ಸ್‌ಗಳನ್ನೂ, ಜೊತೆಗೆ ಈ ಆಟಗಳ ಮೂಲ ಸಂಕೇತದಿಂದ (ಸೋರ್ಸ್ ಕೋಡ್) ಹೊಸದಾಗಿ ಕಟ್ಟಿದ ಕೆಲವು ಆವೃತ್ತಿಗಳನ್ನೂ ಒಂದೇ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಿದೆ. ಲ್ಯಾಪ್‌ಟಾಪ್ ಸಾಧಾರಣದ್ದು: ಕಚೇರಿಯೊಂದರಲ್ಲಿ ಬಳಸಿ ಬಿಟ್ಟದ್ದು, ಪರದೆ 1920ಕ್ಕೆ 1080. ಹೋಲಿಕೆಗೆಂದು ಗುಜರಿ ಅಂಗಡಿಯಿಂದ ತಂದು ರಿಪೇರಿ ಮಾಡಿಸಿಕೊಂಡ ಒಂದು ಪೆಂಟಿಯಂ ಯಂತ್ರ ಮತ್ತು 14 ಇಂಚಿನ ಗಾಜಿನ (ಸಿಆರ್‌ಟಿ) ಮಾನಿಟರ್ ಅದೇ ಮೇಜಿನ ಮೇಲಿದ್ದವು. ಆಡಿದ ಆಟಗಳು ವುಲ್ಫನ್‌ಸ್ಟೈನ್ 3ಡಿ, ಡೂಮ್, ಡ್ಯೂಕ್ ನ್ಯೂಕೆಮ್ 3ಡಿ, ಬ್ಲಡ್ ಮತ್ತು ಕ್ವೇಕ್.

ಹೋಲಿಸಲು ನಿಜವಾದ ಹಳೆಯ ಯಂತ್ರವೇ ಬೇಕೆಂದು ನಾನು ಹಟ ಹಿಡಿದುದಕ್ಕೆ ಕಾರಣವಿದೆ. 1998ರಲ್ಲಿ ಪಿ. ಜೆ. ಬಡಾವಣೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಯುತ್ತಿದ್ದಾಗ, ಶನಿವಾರದ ತರಗತಿ ಮುಗಿದ ಮೇಲೆ ನಮಗೆ ಅರ್ಧ ಗಂಟೆ ಡೂಮ್ ಆಡಲು ಬಿಡುತ್ತಿದ್ದರು. ನೆನಪು ಎಷ್ಟೇ ಗಾಢವಾಗಿದ್ದರೂ ಅಳತೆಗೋಲಾಗದು. ಇಪ್ಪತ್ತೈದು ವರ್ಷ ಕಳೆದ ಮೇಲೆ ಆಟ ನಿಧಾನವಾಗಿತ್ತೇ, ಬಣ್ಣ ಮಂಕಾಗಿತ್ತೇ ಎಂಬುದನ್ನು ಮನಸ್ಸು ತನಗೆ ಬೇಕಾದಂತೆ ತಿದ್ದಿಕೊಂಡಿರುತ್ತದೆ. ಎರಡು ಪರದೆಗಳನ್ನು ಅಕ್ಕಪಕ್ಕ ಇಟ್ಟು, ಮೊದಲ ಹಂತದ ಅದೇ ಕೋಣೆಯಲ್ಲಿ ನಿಂತು ನೋಡಿದಾಗಲೇ ಆಟವನ್ನು ತೆರೆಸುವುದು ಬೇರೆ, ಅದನ್ನು ಅದರ ರೂಪದಲ್ಲಿ ಆಡಿಸುವುದು ಬೇರೆ ಎಂದು ನನಗೆ ಮನದಟ್ಟಾಯಿತು. ಮೊದಲನೆಯ ಕೆಲಸವನ್ನು ಡಾಸ್‌ಬಾಕ್ಸ್ ಐದು ನಿಮಿಷದಲ್ಲಿ ಮಾಡಿಕೊಡುತ್ತದೆ. ಎರಡನೆಯದಕ್ಕೆ ನಾವೂ ಕೈಜೋಡಿಸಬೇಕು, ಮತ್ತು ಬಹಳಷ್ಟು ಜನರ ಅಸಮಾಧಾನ ಹುಟ್ಟುವುದು ಅಲ್ಲಿಯೇ.

ಮೊದಲು ಚಿತ್ರದ ಆಕಾರವನ್ನು ನೋಡೋಣ. ಈ ಆಟಗಳಲ್ಲಿ ಹೆಚ್ಚಿನವು 320ಕ್ಕೆ 200 ಚುಕ್ಕೆಗಳ ಚಿತ್ರವನ್ನು ಬಿಡಿಸುತ್ತವೆ. ಲೆಕ್ಕ ಹಾಕಿದರೆ ಇದು ಅಗಲವಾದ ಚಿತ್ರ. ಆದರೆ ಅಂದಿನ ಮಾನಿಟರುಗಳು ನಾಲ್ಕಕ್ಕೆ ಮೂರರ ಪ್ರಮಾಣದವಾದ್ದರಿಂದ ಅದೇ ಚಿತ್ರ ಮೇಲೆ ಕೆಳಗೆ ಹಿಗ್ಗಿ, ಪ್ರತಿ ಚುಕ್ಕೆಯೂ ಅಗಲಕ್ಕಿಂತ ಎತ್ತರವಾಗಿ ಕಾಣುತ್ತಿತ್ತು. ಚಿತ್ರ ಬರೆದ ಕಲಾವಿದರು ಕಂಡದ್ದು, ತಿದ್ದಿದ್ದು, ಒಪ್ಪಿದ್ದು ಆ ಹಿಗ್ಗಿದ ರೂಪವನ್ನು. ಡಾಸ್‌ಬಾಕ್ಸ್ 0.74-3 ಈ ತಿದ್ದುಪಡಿಯನ್ನು ತಾನಾಗಿ ಮಾಡುವುದಿಲ್ಲ. ಹಾಗಾಗಿ ಡೂಮ್‌ನಲ್ಲಿ ಪರದೆಯ ತಳಭಾಗದಿಂದ ನಮ್ಮನ್ನು ನೋಡುವ ಸೈನಿಕನ ಮುಖ ಚಪ್ಪಟೆಯಾಗುತ್ತದೆ, ರಾಕ್ಷಸರು ಕುಳ್ಳರಾಗುತ್ತಾರೆ, ಚಾವಣಿ ತಲೆಗೆ ತಾಗುವಂತೆ ತೋರುತ್ತದೆ. ಪೆಂಟಿಯಂ ಪಕ್ಕದಲ್ಲಿ ಇಲ್ಲದಿದ್ದರೆ ನಾನೂ ಇದನ್ನು ಗಮನಿಸದೆ, ಏನೋ ಸರಿಯಿಲ್ಲ ಎಂದಷ್ಟೇ ಗೊಣಗಿ ಸುಮ್ಮನಾಗುತ್ತಿದ್ದೆ. ಪರಿಹಾರ ಸುಲಭ. ಸ್ಟಾರ್ಟ್ ಮೆನುವಿನಲ್ಲಿ ಡಾಸ್‌ಬಾಕ್ಸಿನ ಆಪ್ಷನ್ಸ್ ಎಂಬುದನ್ನು ತೆರೆದರೆ ಸೆಟ್ಟಿಂಗುಗಳ ಪಠ್ಯ ಕಡತ ಬರುತ್ತದೆ. ಅದರಲ್ಲಿ ಆಸ್ಪೆಕ್ಟ್ ಎಂಬ ಸಾಲನ್ನು ಟ್ರೂ ಎಂದೂ, ಔಟ್‌ಪುಟ್ ಎಂಬುದನ್ನು ಓಪನ್‌ಜಿಎಲ್ ಎಂದೂ, ಫುಲ್‌ರೆಸಲ್ಯೂಷನ್ ಎಂಬುದನ್ನು ಡೆಸ್ಕ್‌ಟಾಪ್ ಎಂದೂ ಬದಲಿಸಬೇಕು. ಆಗ ನನ್ನ ಪರದೆಯಲ್ಲಿ ಚಿತ್ರ 1440 ಚುಕ್ಕೆಗಳ ಅಗಲಕ್ಕೆ ನಿಂತು, ಎರಡೂ ಬದಿಯಲ್ಲಿ 240 ಚುಕ್ಕೆಗಳಷ್ಟು ಕಪ್ಪು ಪಟ್ಟಿ ಉಳಿಯುತ್ತದೆ. ಆ ಕಪ್ಪು ಪಟ್ಟಿಯನ್ನು ಕಂಡು ಪರದೆ ವ್ಯರ್ಥವಾಯಿತೆಂದು ಚಿತ್ರವನ್ನು ಎಳೆದು ತುಂಬಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ವೇಗದ ವಿಷಯ ಇನ್ನೂ ಸೂಕ್ಷ್ಮ. ಡಾಸ್‌ಬಾಕ್ಸ್ ತನ್ನ ಕಾಲ್ಪನಿಕ ಪ್ರೊಸೆಸರಿನ ವೇಗವನ್ನು ಸೈಕಲ್ಸ್ ಎಂಬ ಸಂಖ್ಯೆಯಿಂದ ಅಳೆಯುತ್ತದೆ. ಒಂದು ಮಿಲಿಸೆಕೆಂಡಿನಲ್ಲಿ ಎಷ್ಟು ಆದೇಶಗಳನ್ನು ನಡೆಸಬೇಕೆಂಬುದೇ ಆ ಸಂಖ್ಯೆ. ಅದನ್ನು ಆಟೋ ಎಂದು ಬಿಟ್ಟರೆ, ಕಾರ್ಯಕ್ರಮವು ಪ್ರೊಸೆಸರಿನ ಹಳೆಯ ವಿಧಾನವಾದ ರಿಯಲ್ ಮೋಡಿನಲ್ಲಿ ನಡೆಯುವಷ್ಟು ಹೊತ್ತು 3000 ಸೈಕಲ್ಸ್ ಕೊಟ್ಟು, ಅದರ ನಂತರದ ವಿಧಾನವಾದ ಪ್ರೊಟೆಕ್ಟೆಡ್ ಮೋಡಿಗೆ ಹೋದ ಕೂಡಲೇ ಲ್ಯಾಪ್‌ಟಾಪಿನಿಂದ ಸಾಧ್ಯವಿರುವಷ್ಟು ವೇಗ ಕೊಡುತ್ತದೆ. ಡೂಮ್, ಡ್ಯೂಕ್‌ಗಳು ಪ್ರೊಟೆಕ್ಟೆಡ್ ಮೋಡಿನಲ್ಲಿ ನಡೆಯುವುದರಿಂದ ಸಲೀಸಾಗಿ ಓಡುತ್ತವೆ. 1992ರ ವುಲ್ಫನ್‌ಸ್ಟೈನ್ 3ಡಿ ಮಾತ್ರ 286 ಯಂತ್ರದಲ್ಲೂ ನಡೆಯಲೆಂದು ಬರೆದ ರಿಯಲ್ ಮೋಡಿನ ಆಟವಾದ್ದರಿಂದ 3000ಕ್ಕೇ ಸಿಕ್ಕಿಕೊಂಡು ತಡವರಿಸುತ್ತದೆ. ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಹಗುರವಾದ ಆಟವೇ ಎಲ್ಲಕ್ಕಿಂತ ಕೆಟ್ಟದಾಗಿ ಓಡುವುದನ್ನು ಕಂಡು ನಾನು ಒಂದಿಡೀ ಸಂಜೆ ಕಾರಣ ಹುಡುಕಿದ್ದೇನೆ. ಕಂಟ್ರೋಲ್ ಮತ್ತು ಎಫ್12 ಗುಂಡಿಗಳನ್ನು ಒಟ್ಟಿಗೆ ಒತ್ತುತ್ತ ಹೋದರೆ ಸೈಕಲ್ಸ್ ಏರುತ್ತದೆ, ಎಫ್11ರಿಂದ ಇಳಿಯುತ್ತದೆ. ಈ ಆಟಕ್ಕೆ ಹದ ಸಿಕ್ಕಿದ ಮೇಲೆ ಆ ಸಂಖ್ಯೆಯನ್ನು ಸೆಟ್ಟಿಂಗ್ ಕಡತದಲ್ಲಿ ಫಿಕ್ಸೆಡ್ ಎಂದು ಬರೆದಿಟ್ಟೆ. ಆ ಬಳಿಕ ತೊಂದರೆಯಾಗಿಲ್ಲ.

ಪೂರ್ತಿ ವೇಗ ಕೊಡುವುದೂ ನಿರಪಾಯವಲ್ಲ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ, ಫ್ಯಾನಿನ ಕೆಳಗೆ ಕುಳಿತರೂ ಲ್ಯಾಪ್‌ಟಾಪ್ ಕಾಯುವ ಹೊತ್ತಿನಲ್ಲಿ, ಪ್ರೊಸೆಸರಿನ ಒಂದು ಭಾಗವನ್ನು ಇಡೀ ಗಂಟೆ ಬಿಡುವಿಲ್ಲದೆ ದುಡಿಸಿದರೆ ಅದು ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಆಗ ಎಮ್ಯುಲೇಟರಿನ ಲೆಕ್ಕ ತಪ್ಪಿ, ಗುಂಡಿನ ಸದ್ದು ಚರಚರ ಎಂದು ಹರಿದು ಬರುತ್ತದೆ. 66 ಮೆಗಾಹರ್ಟ್ಸಿನ 486 ಯಂತ್ರಕ್ಕೆ ಸುಮಾರು 25,000 ಸೈಕಲ್ಸ್ ಸಮ ಎಂಬ ಒಂದು ಅಂದಾಜು ಬಳಕೆಯಲ್ಲಿದೆ. ಅಲ್ಲಿಂದ ಶುರುಮಾಡಿ, ಡೂಮ್ ನುಣುಪಾಗುವವರೆಗೆ ಏರಿಸಿ, ಅಲ್ಲಿಗೇ ನಿಲ್ಲಿಸಿದೆ. ಫ್ಯಾನಿನ ಕೂಗು ನಿಂತಿತು, ಸದ್ದು ಶುದ್ಧವಾಯಿತು. ಡ್ಯೂಕ್ ಆಟವನ್ನು ಅದರ ಸೆಟಪ್ಪಿನಲ್ಲಿ 640ಕ್ಕೆ 480ಕ್ಕೆ ಏರಿಸಿದರೆ ಮಾತ್ರ ಈ ಮಿತಿ ಸಾಲದಾಗುತ್ತದೆ, ಏಕೆಂದರೆ ತುಂಬಬೇಕಾದ ಚುಕ್ಕೆಗಳು ಹತ್ತಿರ ಹತ್ತಿರ ಐದು ಪಟ್ಟಾಗುತ್ತವೆ.

ಇಷ್ಟಾದರೂ ಡೂಮ್‌ನ ಚಲನೆ ಗಾಜಿನ ಮಾನಿಟರಿನಷ್ಟು ನಯವಾಗಲಿಲ್ಲ. ಇದು ಡಾಸ್‌ಬಾಕ್ಸಿನ ತಪ್ಪಲ್ಲ. ಡೂಮ್ ಸೆಕೆಂಡಿಗೆ 35 ಚಿತ್ರಗಳಿಗಿಂತ ಹೆಚ್ಚು ತೋರಿಸುವುದಿಲ್ಲ; ವಿಜಿಎ ಪರದೆ ಸೆಕೆಂಡಿಗೆ 70 ಬಾರಿ ಹೊಸದಾಗುತ್ತಿದ್ದುದರಿಂದ ಪ್ರತಿ ಚಿತ್ರವೂ ಸರಿಯಾಗಿ ಎರಡು ಬಾರಿ ಕಾಣುತ್ತಿತ್ತು. ಇಂದಿನ ಸಾಮಾನ್ಯ ಲ್ಯಾಪ್‌ಟಾಪಿನ ಪರದೆ 60 ಬಾರಿ ಹೊಸದಾಗುತ್ತದೆ, 60ರಲ್ಲಿ 35 ಸಮವಾಗಿ ಹೋಗುವುದಿಲ್ಲ, ಹಾಗಾಗಿ ಕೆಲವು ಚಿತ್ರಗಳು ಒಮ್ಮೆ, ಕೆಲವು ಎರಡು ಬಾರಿ ಕಂಡು ತಿರುಗುವಾಗ ಸಣ್ಣ ಅದುರು ಉಂಟಾಗುತ್ತದೆ. ಹೆಚ್ಚು ವೇಗದ ಪರದೆ ಇರುವವರಿಗೆ ಇದು ಅಷ್ಟಾಗಿ ಕಾಣದು. ನನಗೆ ಕಾಣುತ್ತದೆ, ಅದನ್ನು ಒಪ್ಪಿಕೊಂಡು ಆಡುತ್ತೇನೆ.

ಸದ್ದಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಆಟದ ಸೆಟಪ್ ಕಾರ್ಯಕ್ರಮದಲ್ಲಿ ಸೌಂಡ್ ಬ್ಲಾಸ್ಟರ್ ಆರಿಸಿ, ಪೋರ್ಟ್ 220, ಐಆರ್‌ಕ್ಯು 7, ಡಿಎಂಎ 1 ಎಂದು ಕೊಡಬೇಕು; ಬೇರೆ ಸಂಖ್ಯೆ ಇದ್ದರೆ ಆಟ ಮೂಕವಾಗುತ್ತದೆ. ಡೂಮ್‌ನ ಸಂಗೀತಕ್ಕೆ ಸೌಂಡ್ ಬ್ಲಾಸ್ಟರನ್ನೇ ಆರಿಸಿದರೆ ಆ ಕಾಲದ ಎಫ್ಎಂ ಚಿಪ್ಪಿನ ಲೋಹದ ದನಿ ಬರುತ್ತದೆ, ಜನರಲ್ ಮಿಡಿ ಆರಿಸಿದರೆ ವಿಂಡೋಸಿನೊಳಗಿನ ಮೃದುವಾದ ವಾದ್ಯಗಳು ನುಡಿಯುತ್ತವೆ. ತರಬೇತಿ ಕೇಂದ್ರದಲ್ಲಿ ನಾವು ಕೇಳಿದ್ದು ಮೊದಲನೆಯದನ್ನು, ನನಗೆ ಅದೇ ಬೇಕು. ಕ್ವೇಕ್‌ನ ಸಂಗೀತವೂ, ಮಿಡಿ ಸಂಗೀತವೂ ಇದ್ದ ಬ್ಲಡ್‌ನ ಸಿಡಿ ಸಂಗೀತವೂ ಮಾತ್ರ ಸಿಡಿಯ ಮೇಲೆ ಆಡಿಯೊ ಹಾಡುಗಳಾಗಿದ್ದವು. ಸಿಡಿಯ ಕಡತಗಳನ್ನು ಫೋಲ್ಡರಿಗೆ ನಕಲು ಮಾಡಿಕೊಂಡರೆ ಆ ಹಾಡುಗಳು ಬರುವುದಿಲ್ಲ. ಇಡೀ ಸಿಡಿಯ ಪ್ರತಿಬಿಂಬವನ್ನು (ಇಮೇಜ್), ಹಾಡುಗಳು ಎಲ್ಲೆಲ್ಲಿವೆ ಎಂದು ತಿಳಿಸುವ ಕ್ಯೂ ಕಡತದೊಂದಿಗೆ ತೆಗೆದು, ಇಮ್ಜ್‌ಮೌಂಟ್ ಆದೇಶದಿಂದ ಜೋಡಿಸಿದಾಗಲೇ ಆ ಆಟಗಳಿಗೆ ಅವುಗಳ ಕತ್ತಲೆ ಮರಳಿ ಬರುತ್ತದೆ.

ಡಾಸ್‌ಬಾಕ್ಸಿನ ಮೇಲೆ ನನಗಿರುವ ನಿಜವಾದ ದೂರು ಒಂದೇ ಒಂದು ಗುಂಡಿಯ ಕುರಿತು. ಕಂಟ್ರೋಲ್ ಮತ್ತು ಎಫ್9 ಒಟ್ಟಿಗೆ ಒತ್ತಿದರೆ ಅದು ಯಾವ ಪ್ರಶ್ನೆಯನ್ನೂ ಕೇಳದೆ ತಕ್ಷಣ ಮುಚ್ಚಿಕೊಳ್ಳುತ್ತದೆ. ಡೂಮ್‌ನಲ್ಲಿ ಕಂಟ್ರೋಲ್ ಎಂದರೆ ಗುಂಡು ಹಾರಿಸುವ ಗುಂಡಿ, ಎಫ್9 ಎಂದರೆ ಉಳಿಸಿದ ಆಟಕ್ಕೆ ಹಿಂತಿರುಗುವ ಗುಂಡಿ. ಸಾಯುವ ಕ್ಷಣದಲ್ಲಿ ಬೆರಳು ಕಂಟ್ರೋಲಿನ ಮೇಲಿರುವಾಗಲೇ ಎಫ್9 ಒತ್ತುವುದು ಎಲ್ಲ ಆಟಗಾರರ ಅಭ್ಯಾಸ. ನನ್ನ ಅಕ್ಕನ ಮಗ, ಇಲ್ಲೇ ಎಂಜಿನಿಯರಿಂಗ್ ಓದುತ್ತಿರುವವನು, ಮೊದಲ ದಿನವೇ ಮೂರು ಬಾರಿ ಹೀಗೆ ಆಟದಿಂದ ಹೊರಬಿದ್ದು, “ಮಾವ, ಇದು ಕ್ರ್ಯಾಶ್ ಆಗ್ತಾ ಐತಿ, ಬ್ಯಾರೆ ಯಾವ್ದಾರ ಹಾಕ್ರಿ” ಎಂದ. ಕ್ರ್ಯಾಶ್ ಅಲ್ಲವೆಂದು ನಾನು ಗುಂಡಿ ತೋರಿಸಿ ಹೇಳಬೇಕಾಯಿತು. ಕಂಟ್ರೋಲ್ ಮತ್ತು ಎಫ್1 ಒತ್ತಿ ಕೀಲಿಗಳ ನಕ್ಷೆಯನ್ನು ತೆರೆದು, ಮುಚ್ಚುವ ಗುಂಡಿಯನ್ನು ಬೇರೆಡೆಗೆ ಬದಲಿಸಿ, ಸೇವ್ ಮಾಡಿಡಬೇಕು. ಶೂಟರ್ ಆಟಗಳಿಗಾಗಿ ಡಾಸ್‌ಬಾಕ್ಸ್ ಹಾಕಿಕೊಳ್ಳುವವರು ಮೊದಲು ಮಾಡಬೇಕಾದ ಕೆಲಸ ಇದೇ. ಅದೇ ಹೊತ್ತಿನಲ್ಲಿ ವಿಂಡೋಸಿನ ಸ್ಟಿಕಿ ಕೀಸ್ ಸೌಲಭ್ಯವನ್ನೂ ನಿಲ್ಲಿಸಿ. ಓಡಲೆಂದು ಶಿಫ್ಟ್ ಗುಂಡಿಯನ್ನು ಐದು ಬಾರಿ ಬಡಿದರೆ ಆ ಸೂಚನೆ ಆಟದ ನಡುವೆ ತಲೆಯೆತ್ತುತ್ತದೆ.

ಈಗ ಕವಲುಗಳ ಮಾತು. ಡಾಸ್‌ಬಾಕ್ಸ್ ಸ್ಟೇಜಿಂಗ್ ಎಂಬುದನ್ನು ನಾನು ಈ ಊರಿನ ಗೆಳೆಯರಿಗೆಲ್ಲ ಮೊದಲು ಸೂಚಿಸುತ್ತೇನೆ. ಆಕಾರದ ತಿದ್ದುಪಡಿ ಅದರಲ್ಲಿ ಮೊದಲೇ ಚಾಲೂ ಇರುತ್ತದೆ. ಗಾಜಿನ ಮಾನಿಟರಿನ ಗೆರೆಗಳನ್ನೂ ಹೊಳಪನ್ನೂ ಅನುಕರಿಸುವ ಶೇಡರುಗಳನ್ನು ಅದು ಪರದೆಯ ಗಾತ್ರ ನೋಡಿ ತಾನೇ ಆರಿಸಿಕೊಳ್ಳುತ್ತದೆ. ಪೆಂಟಿಯಂ ಪಕ್ಕದಲ್ಲಿ ಇಟ್ಟಾಗ ಇದರ ಚಿತ್ರವೇ ಅದಕ್ಕೆ ಅತಿ ಹತ್ತಿರವಾಗಿತ್ತು. 200 ಸಾಲುಗಳನ್ನು 1080 ಸಾಲುಗಳಿಗೆ ಹಿಗ್ಗಿಸುವಾಗ ಒಂದಕ್ಕೆ 5.4 ಬರುವುದರಿಂದ, 0.74-3ರಲ್ಲಿ ಮೃದುಗೊಳಿಸುವಿಕೆ ನಿಲ್ಲಿಸಿದರೆ ಕೆಲವು ಸಾಲು ದಪ್ಪ, ಕೆಲವು ಸಾಲು ತೆಳು ಆಗುತ್ತಿದ್ದವು. ನಿಲ್ಲಿಸದೆ ಹಾಗೇ ಬಿಟ್ಟರೆ ಚಿತ್ರವೆಲ್ಲ ಮಂಜಾಗುತ್ತಿತ್ತು. ಸ್ಟೇಜಿಂಗ್‌ನಲ್ಲಿ ಆ ದೋಷ ಕಣ್ಣಿಗೆ ಬೀಳಲಿಲ್ಲ. ಡಾಸ್‌ಬಾಕ್ಸ್-ಎಕ್ಸ್ ಸಮರ್ಥವಾದದ್ದೇ, ಅದರಲ್ಲಿ ವಿಂಡೋಸ್ 98ನ್ನೂ ಸ್ಥಾಪಿಸಬಹುದು, ಆದರೆ ಶೂಟರ್ ಆಡಲಷ್ಟೇ ಬಂದವರಿಗೆ ಅದರ ಮೆನುಗಳ ರಾಶಿ ಅನಗತ್ಯ.

ಮೂಲ ಸಂಕೇತದಿಂದ ಕಟ್ಟಿದ ಆವೃತ್ತಿಗಳದು ಬೇರೆಯೇ ದಾರಿ. ಐಡಿ ಸಾಫ್ಟ್‌ವೇರ್ ಸಂಸ್ಥೆ 1997ರ ಡಿಸೆಂಬರಿನಲ್ಲಿ ಡೂಮ್‌ನ ಮೂಲ ಸಂಕೇತವನ್ನೂ, 1999ರ ಡಿಸೆಂಬರಿನಲ್ಲಿ ಕ್ವೇಕ್‌ನದನ್ನೂ ಬಿಡುಗಡೆ ಮಾಡಿತು. ಡ್ಯೂಕ್‌ನ ಸಂಕೇತ 2003ರಲ್ಲಿ ಹೊರಬಂತು. ಈ ಔದಾರ್ಯ ಇಲ್ಲದಿದ್ದರೆ ಈ ಆಟಗಳ ಆಯುಷ್ಯ ಇಷ್ಟು ಬೆಳೆಯುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಚಾಕೊಲೇಟ್ ಡೂಮ್ ಎಂಬುದು ವಿಂಡೋಸಿನಲ್ಲೇ ನೇರವಾಗಿ ನಡೆಯುತ್ತದೆ, ಎಮ್ಯುಲೇಟರ್ ಬೇಡ. ಆದರೂ ಅದು ಮೂಲ ಆಟದ ಮಿತಿಗಳನ್ನು, ದೋಷಗಳನ್ನು ಸಹ ಬೇಕೆಂದೇ ಉಳಿಸಿಕೊಂಡಿದೆ. ಮೌಸನ್ನು ಮುಂದೆ ತಳ್ಳಿದರೆ ಆಟಗಾರ ಮುಂದಕ್ಕೆ ನಡೆದುಬಿಡುವ ಡೂಮ್‌ನ ಹಳೆಯ ಕಿರಿಕಿರಿಯನ್ನು ಮಾತ್ರ ಅದರ ಸೆಟಪ್ಪಿನಲ್ಲಿ ನಿಲ್ಲಿಸಬಹುದು. ಲ್ಯಾಪ್‌ಟಾಪ್ ಬಿಸಿಯಾಗುವುದಿಲ್ಲ, ಆಕಾರ ಸರಿಯಿರುತ್ತದೆ. ಡೂಮ್ ಒಂದೇ ಸಾಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ತಿಳಿದಿಲ್ಲ.

ಜಿಝಡ್‌ಡೂಮ್ ಮತ್ತು ಇಡ್ಯೂಕ್32 ಇನ್ನೂ ಮುಂದೆ ಹೋಗಿ ಇಡೀ ಪರದೆಯನ್ನು ತುಂಬುತ್ತವೆ, ಚಲನೆಯನ್ನು ನುಣುಪಾಗಿಸುತ್ತವೆ. ಜಿಝಡ್‌ಡೂಮ್‌ನಲ್ಲಿ ಮೌಸಿನಿಂದ ಮೇಲೆ ಕೆಳಗೆ ನೋಡಬಹುದು, ಹಾರಬಹುದು. ನಮ್ಮ ಹುಡುಗನಿಗೆ ಇದೇ ಇಷ್ಟ, ಅವನ ಕಣ್ಣಿಗೆ 35 ಚಿತ್ರಗಳ ಅದುರು ಸಹ್ಯವಾಗದು. ನನ್ನ ಆಕ್ಷೇಪ ಆಟದ ಕಟ್ಟಡದ ಬಗ್ಗೆ. ಡೂಮ್‌ನ ಹಂತಗಳನ್ನು ಕಟ್ಟಿರುವುದು ಹಾರಲಾಗದ, ತಲೆಯೆತ್ತಿ ನೋಡಲಾಗದ ಆಟಗಾರನಿಗಾಗಿ. ಪಕ್ಕದ ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಹತ್ತಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ದಾರಿ ತಿರುಗಿ ತಿರುಗಿ ಬರುವುದು, ಮುಂದಿನ ಬಾಗಿಲು ಕಾಣದಂತೆ ಗೋಡೆ ಅಡ್ಡ ಬರುವುದು, ಓಬವ್ವನ ಕಿಂಡಿಯಂಥ ಸಂದಿಯೊಂದೇ ಇಡೀ ಕಾಳಗದ ಗತಿಯನ್ನು ನಿರ್ಧರಿಸುವುದು ಎಲ್ಲವೂ ಗೋಡೆಯನ್ನು ಹಾರಲಾಗದು ಎಂಬ ಒಂದು ನಿಯಮದ ಮೇಲೆ ನಿಂತಿದೆ. ಡೂಮ್‌ನ ಗುಪ್ತ ಬಾಗಿಲುಗಳೂ ಹಾಗೆಯೇ. ಹಾರಲು ಬಿಟ್ಟರೆ ಎಷ್ಟೋ ಕಡೆ ಕಿಟಕಿಯಿಂದಲೇ ನೆಗೆದು ಹಂತವನ್ನು ಅರ್ಧಕ್ಕೆ ಮುಗಿಸಬಹುದು. ಜಿಝಡ್‌ಡೂಮ್ ಬಳಸುವವರು ಹಾರುವುದನ್ನೂ ತಲೆಯೆತ್ತುವುದನ್ನೂ ಸೆಟ್ಟಿಂಗಿನಲ್ಲಿ ನಿಲ್ಲಿಸಿ ಒಮ್ಮೆಯಾದರೂ ಆಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಕ್ವೇಕ್ ಮಾತ್ರ ನಾನೂ ಹೊಸ ಆವೃತ್ತಿಯಲ್ಲೇ ಆಡುತ್ತೇನೆ. ಅದು ಪೆಂಟಿಯಮಿನ ದಶಾಂಶ ಲೆಕ್ಕದ ಘಟಕವನ್ನು ನೆಚ್ಚಿ ಬರೆದ ಆಟ, ಎಮ್ಯುಲೇಟರಿಗೆ ಅದು ತೀರಾ ಭಾರವಾಗುತ್ತದೆ.

ಆಟಗಳನ್ನು ಎಲ್ಲಿಂದ ತರಬೇಕೆಂದು ಕೇಳುವವರಿಗೆ: ಡೂಮ್ ಮತ್ತು ವುಲ್ಫನ್‌ಸ್ಟೈನ್‌ಗಳ ಮೊದಲ ಭಾಗಗಳು ಶೇರ್‌ವೇರ್ ಆಗಿ ಹಂಚಲೆಂದೇ ಬಂದವು, ಅವುಗಳಿಂದ ಶುರುಮಾಡಬಹುದು. ಪೂರ್ತಿ ಆಟಗಳು ಗಾಗ್, ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಗಳಲ್ಲಿವೆ. ಗಾಗ್‌ನಲ್ಲಿ ಕೊಂಡ ಎಷ್ಟೋ ಹಳೆಯ ಆಟಗಳ ಜೊತೆ ಡಾಸ್‌ಬಾಕ್ಸ್ ಸಿದ್ಧವಾಗಿಯೇ ಬರುತ್ತದೆ. ಫ್ರೀಡೂಮ್ ಎಂಬ ಉಚಿತ ಯೋಜನೆ ಹೊಸ ಹಂತ, ಹೊಸ ಚಿತ್ರಗಳನ್ನು ಮಾಡಿಕೊಟ್ಟಿದೆ, ಅದನ್ನು ಶಾಲೆಯ ಕಂಪ್ಯೂಟರಿನಲ್ಲೂ ನಿರಾತಂಕವಾಗಿ ಹಾಕಬಹುದು. ಎಲ್ಲವನ್ನೂ ಪ್ರೋಗ್ರಾಂ ಫೈಲ್ಸ್ ಒಳಗಿಡದೆ ಸಿ ಡ್ರೈವಿನಲ್ಲಿ ಎಂಟಕ್ಷರ ಮೀರದ ಹೆಸರಿನ ಒಂದು ಫೋಲ್ಡರಿನಲ್ಲಿಡಿ, ಇಲ್ಲವಾದರೆ ಆಟ ಸೇವ್ ಆಗದೆ ಕಾಡುತ್ತದೆ.

ಇಬ್ಬರು ಸೇರಿ ಆಡುವ ಆಸೆ ಕೊನೆಗೆ ಉಳಿದಿತ್ತು. ಡಾಸ್ ಕಾಲದ ಆಟಗಳು ಐಪಿಎಕ್ಸ್ ಎಂಬ ನೆಟ್‌ವರ್ಕ್ ಭಾಷೆಯನ್ನು ಬಳಸುತ್ತಿದ್ದವು, ವಿಂಡೋಸ್ ವಿಸ್ಟಾದಿಂದ ಅದನ್ನು ಕೈಬಿಡಲಾಯಿತು. ಡಾಸ್‌ಬಾಕ್ಸ್ ಆ ಸಂದೇಶಗಳನ್ನು ಇಂದಿನ ಇಂಟರ್ನೆಟ್ ಸಂದೇಶಗಳೊಳಗೆ ಸುತ್ತಿ ಕಳಿಸುತ್ತದೆ. ಸೆಟ್ಟಿಂಗಿನಲ್ಲಿ ಐಪಿಎಕ್ಸ್ ಎಂಬುದನ್ನು ಟ್ರೂ ಮಾಡಿ, ಒಂದು ಯಂತ್ರದಲ್ಲಿ ಐಪಿಎಕ್ಸ್‌ನೆಟ್ ಸ್ಟಾರ್ಟ್‌ಸರ್ವರ್ ಎಂದೂ ಇನ್ನೊಂದರಲ್ಲಿ ಐಪಿಎಕ್ಸ್‌ನೆಟ್ ಕನೆಕ್ಟ್ ಎಂದು ಮೊದಲನೆಯದರ ವಿಳಾಸವನ್ನೂ ಕೊಡಬೇಕು. ವಿಂಡೋಸಿನ ಫೈರ್‌ವಾಲ್ ಕೇಳಿದಾಗ ಅನುಮತಿ ಕೊಡಬೇಕು. ಮನೆಯ ವೈಫೈಯಲ್ಲಿ ಆಡಿದಾಗ ಆಟ ಆಗಾಗ ಉಸಿರು ಕಟ್ಟಿದಂತೆ ನಿಲ್ಲುತ್ತಿತ್ತು, ಏಕೆಂದರೆ ಡೂಮ್‌ನಲ್ಲಿ ಎಲ್ಲ ಯಂತ್ರಗಳೂ ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯಬೇಕು, ಒಂದು ತಡೆದರೆ ಉಳಿದವೂ ಕಾಯುತ್ತವೆ. ಒಂದು ಸಂಜೆ ಕರೆಂಟ್ ಹೋಯಿತು. ಲ್ಯಾಪ್‌ಟಾಪುಗಳು ಬ್ಯಾಟರಿಯಲ್ಲಿ ನಡೆಯುತ್ತಿದ್ದರೂ ರೂಟರ್ ಆರಿ ಇಬ್ಬರ ಪರದೆಯೂ ಒಂದೇ ಚಿತ್ರದಲ್ಲಿ ನಿಂತಿತು. ಮರುದಿನ ಹುಡುಗ ಐದು ಮೀಟರಿನ ನೆಟ್‌ವರ್ಕ್ ಕೇಬಲ್ ತಂದು ಎರಡೂ ಲ್ಯಾಪ್‌ಟಾಪುಗಳನ್ನು ನೇರವಾಗಿ ಜೋಡಿಸಿ, ಎರಡಕ್ಕೂ ಕೈಯಿಂದಲೇ ಐಪಿ ವಿಳಾಸ ಬರೆದ. ಅಂದಿನಿಂದ ಆಟ ಒಮ್ಮೆಯೂ ತಡೆದಿಲ್ಲ, ಕತ್ತಲಾದ ಮೇಲೆ ಕರೆಂಟ್ ಹೋದರೂ ನಾವು ಏಳುವುದಿಲ್ಲ.